ಉದ್ದ ಹಿಡಿ, ಗಿಡ್ಡ ಹಿಡಿ

ಆ ಡಬ್ಬಿಯೊಳಗೆ ಒಂದೇ ಹಿಡಿ ಇದ್ದಿದ್ದರೆ ಡೆಲ್ಮರ್ ಪ್ರೂಯಿಟ್‌ನ ಶನಿವಾರ ಸುಸೂತ್ರವಾಗಿ ಕಳೆದುಹೋಗುತ್ತಿತ್ತು, ಮೂಗೂ ನೆಟ್ಟಗಿರುತ್ತಿತ್ತು. ಆದರೆ ಬಂದೂಕು ಮಾಡಿದವರು ಧಾರಾಳಿಗಳು. ಒಂದು ಬಂದೂಕಿಗೆ ಎರಡು ಹಿಡಿ ಕಳಿಸಿದ್ದರು. ಭುಜಕ್ಕೆ ಆನಿಸಿಕೊಳ್ಳುವ ಉದ್ದನೆಯ ಮರದ ಹಿಡಿ ಒಂದು. ಪಿಸ್ತೂಲಿನದರಂತೆ ಅಂಗೈಯಲ್ಲೇ ಮುಗಿದುಹೋಗುವ ಗಿಡ್ಡ ಹಿಡಿ ಇನ್ನೊಂದು. ಯಾವುದು ಬೇಕೋ ಅದನ್ನು ಬಿಗಿದುಕೊಳ್ಳಿ ಎಂದು ಮೇಲೊಂದು ಚೀಟಿ ಬೇರೆ.

ಯಾವುದು ಬೇಕೋ ಅದು ಎನ್ನುವ ಮಾತು ಕೇಳಿದರೆ ಸಾಕು, ಡೆಲ್ಮರ್ ನಿಂತಲ್ಲೇ ಕಂಬವಾಗಿಬಿಡುತ್ತಿದ್ದ. ಐಸ್‌ಕ್ರೀಂ ಅಂಗಡಿಯ ಸಾಲಿನಲ್ಲಿ ಅವನ ಹಿಂದೆ ನಿಂತವರು ಆಸೆ ಬಿಟ್ಟು ಮನೆಗೆ ಹೋಗಿಬಿಡುತ್ತಿದ್ದರು. ಇದೋ ಐಸ್‌ಕ್ರೀಂ ಅಲ್ಲ. ಮರುದಿನ ಬೆಳಗ್ಗೆ ಅವನು ಲಾರಿಯ ತುಂಬ ಕೋಳಿಮಾಂಸ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡಬೇಕು. ಹೋಗಿ ಬರಲು ಹನ್ನೊಂದು ದಿನ. ಅವನ ಊರು ಪೈನಿ ಫೋರ್ಕ್‌ನ ಸುತ್ತಮುತ್ತ ಎರಡು ವಾರದಲ್ಲಿ ಮೂರು ಮನೆಗೆ ಕಳ್ಳ ನುಗ್ಗಿದ್ದ. ಏನು ಹೋಯಿತೆಂದು ಆ ಮೂರು ಮನೆಯವರೂ ಬಾಯಿಬಿಟ್ಟಿರಲಿಲ್ಲ. ಆದ್ದರಿಂದ ಊರವರು ತಮಗೆ ತೋಚಿದ್ದನ್ನೆಲ್ಲ ಹೋಯಿತೆಂದು ಹೇಳಿಕೊಂಡು ತಿರುಗುತ್ತಿದ್ದರು. ಹೆಂಡತಿ ವರ್ನಾ ಹನ್ನೊಂದು ದಿನ ಮನೆಯಲ್ಲಿ ಒಬ್ಬಳೇ. ಆ ಯೋಚನೆಗೆ ಡೆಲ್ಮರ್ ಮೂರು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ.

"ಯಾವುದಾದ್ರೂ ಒಂದು ಹಾಕಿ ಕಪಾಟಿನಲ್ಲಿಡೋ ಮಾರಾಯ," ಎಂದಳು ವರ್ನಾ. ಚರ್ಚಿನ ತಿಂಡಿ ಮಾರಾಟಕ್ಕೆಂದು ಬೇಯಿಸಿದ ಪೀಕನ್ ಬೀಜದ ಎರಡು ಸಿಹಿ ಪೈಗಳನ್ನು ಬುಟ್ಟಿಗಿಡುತ್ತಿದ್ದಳು. "ಕಳ್ಳ ಬಂದು ಹಿಡಿ ನೋಡಿ ನಂಬರು ಕೊಡ್ತಾನಾ?"

"ನಿನಗೆ ಗೊತ್ತಾಗಲ್ಲ. ತಪ್ಪು ಹಿಡಿ ಹಾಕಿ ಹೋಗಿ, ಆಮೇಲೆ ನಿನಗೇನಾದ್ರೂ ಆದ್ರೆ?"

ಅವಳು ಪೈ ಬುಟ್ಟಿ ಎತ್ತಿಕೊಂಡು ಚರ್ಚಿಗೆ ಹೊರಟಳು.

ಡೆಲ್ಮರ್ ಮೊದಲು ಉದ್ದ ಹಿಡಿ ಹಾಕಿದ. ತೋಟಾ ಇಲ್ಲವೆಂದು ಮೂರು ಸಲ ನೋಡಿಕೊಂಡ. ಭುಜಕ್ಕೊತ್ತಿಕೊಂಡು, ಬೆಕ್ಕಿನ ಹೆಜ್ಜೆಯಿಡುತ್ತ, ಮಲಗುವ ಕೋಣೆಯಿಂದ ಹೊರಟು ಓಣಿಯಂಥ ನಡುವಿನ ದಾರಿಯಲ್ಲಿ ಗಕ್ಕನೆ ತಿರುಗಿದ. ನಳಿಗೆಯ ತುದಿ ಗೋಡೆಯ ಮೇಲಿದ್ದ ಅತ್ತೆಯ ಫೋಟೋವನ್ನು ಹೊಡೆದು ಉರುಳಿಸಿತು.

ಗಾಜೊಡೆದ ಸದ್ದಿಗೆ ಪಕ್ಕದ ಮನೆಯ ಹೋಯ್ಟ್ ಸ್ಕಾಗ್ಸ್ ಬೇಲಿ ದಾಟಿ ಬಂದ. ಇಪ್ಪತ್ತಾರು ವರ್ಷ ಜೈಲಿನ ಕಾವಲುಗಾರನಾಗಿದ್ದು ನಿವೃತ್ತನಾದವನು. ಈಗ ಕಾಯಲು ಕೈದಿಗಳಿಲ್ಲದೆ ನೆರೆಹೊರೆಯವರನ್ನು ಕಾಯುತ್ತಿದ್ದ.

"ನಾನಂದ್ಕೊಂಡೆ, ಕಳ್ಳ ಹಗಲಲ್ಲೇ ಶುರು ಮಾಡಿದ ಅಂತ," ಎಂದು ಒಳಬಂದವನು ಬಂದೂಕು ನೋಡಿ ಹಣೆ ಚಚ್ಚಿಕೊಂಡ. "ಏನಯ್ಯಾ ಇದು, ಇಷ್ಟು ಸಣ್ಣ ಮನೇಲಿ ದೋಣಿ ಹುಟ್ಟು ಹಿಡ್ಕೊಂಡು ತಿರುಗ್ತಿದೀಯಾ? ಮೂಲೆ ತಿರುಗೋ ಹೊತ್ತಿಗೆ ಕಳ್ಳ ನಿನ್ನ ಸೋಫಾ ಮೇಲೆ ಕೂತು ಕಾಫಿ ಕುಡೀತಿರ್ತಾನೆ. ಗಿಡ್ಡ ಹಿಡಿ ಹಾಕು. ತಾ ಇಲ್ಲಿ ಆ ಸ್ಕ್ರೂಡ್ರೈವರ್."

ಐದೇ ನಿಮಿಷದಲ್ಲಿ ಗಿಡ್ಡ ಹಿಡಿ ಕೂತಿತು. ಡೆಲ್ಮರ್‌ನ ಎದೆ ಹಗುರಾಯಿತು. ಸರಿಯಾಗಿ ಆಗಲೇ ಮಿಸ್ ಓಪಲ್ ಹಿಂದಿನ ವಾರ ಒಯ್ದ ಬಾಣಲೆಯನ್ನು ಹಿಂತಿರುಗಿಸಲು ಬಂದರು. ಎಪ್ಪತ್ತೊಂದರ ಮುದುಕಿ. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವರು, ಉಳಿದ ದಿನ ಕಾಡಿನ ಟರ್ಕಿ ಕೋಳಿ ಹೊಡೆಯುವರು. ಎರಡರಲ್ಲೂ ಗುರಿ ತಪ್ಪಿದ್ದಿಲ್ಲ.

"ಕಂದಾ," ಎಂದರು ಮಿಸ್ ಓಪಲ್ ಮೃದುವಾಗಿ, "ಈ ಬಂದೂಕಿನ ಬಾಲ ಕತ್ತರಿಸಿದ ಪಾಪಿ ಯಾರು?"

"ನಾನು," ಎಂದ ಹೋಯ್ಟ್ ಎದೆಯುಬ್ಬಿಸಿ.

"ಅದೇ ಅಂದ್ಕೊಂಡೆ. ಹೋಯ್ಟ್, ನೀನು ಜೈಲಲ್ಲಿ ಬೀಗದ ಕೈ ಅಲ್ಲಾಡಿಸಿದ್ದು ಬಿಟ್ರೆ ಬೇರೇನು ಮಾಡಿದ್ದೀಯಪ್ಪಾ? ಭುಜಕ್ಕೆ ಆನಿಸದ ಬಂದೂಕು ಹೇಸರಗತ್ತೆ ಇದ್ದ ಹಾಗೆ. ಎತ್ತ ಒದೀತದೋ ಅದಕ್ಕೇ ಗೊತ್ತಿರಲ್ಲ."

"ಮಿಸ್ ಓಪಲ್, ನೀವು ಹೊಡೆಯೋದು ಟರ್ಕಿ. ಟರ್ಕಿ ಹಜಾರದೊಳಗೆ ಬರಲ್ಲ."

"ನಿನ್ನನ್ನ ನೋಡಿದ್ರೆ ಆಗಲೇ ಒಂದು ಬಂದಿದೆ ಅನ್ನಿಸ್ತದೆ."

ಡೆಲ್ಮರ್ ಇಬ್ಬರ ನಡುವೆ ಕತ್ತು ಹೊರಳಿಸುತ್ತ ನಿಂತ. ಮೂಗಿಗಿಂತ ಮೂಗುತಿ ಭಾರವಾಯಿತು ಎನ್ನುವ ಹಾಗೆ, ಬಂದೂಕಿಗಿಂತ ಹಿಡಿಯದೇ ತೂಕ ಹೆಚ್ಚಾಯಿತು. ಕೊನೆಗೆ ಹೋಯ್ಟೇ ಹೇಳಿದ: "ಬಾರ್ಬ್ ಹೋಟೆಲಿಗೆ ಹೋಗೋಣ. ನಾಲ್ಕು ಜನ ತಿಳಿದೋರು ಸಿಗ್ತಾರೆ."

ಸಿಕ್ಕಿದ್ದು ನಾಲ್ಕಲ್ಲ, ಇಪ್ಪತ್ತೇಳು ಜನ. ಶನಿವಾರದ ನಾಷ್ಟಾ, ಬಿಸಿ ಬಿಸ್ಕಿಟ್ಟಿನ ಮೇಲೆ ಗ್ರೇವಿ ಸುರಿದು ತಿನ್ನುವ ಹೊತ್ತು. ಬಂದೂಕು ಪಿಕಪ್ಪಿನಲ್ಲಿದೆ ಎಂದು ಹೋಯ್ಟ್ ಬಾಗಿಲಲ್ಲೇ ಸಾರಿದ. ತಟ್ಟೆ ಹಿಡಿದುಕೊಂಡೇ ಜನ ಹೊರಗೆ ಬಂದರು. ಬಂದೂಕು ಕೈಯಿಂದ ಕೈಗೆ ಆಗತಾನೆ ಹುಟ್ಟಿದ ಮಗುವಿನಂತೆ ಓಡಾಡಿತು.

"ಯಾತಕ್ಕೆ ಬೇಕು ಅದನ್ನ ಮೊದಲು ಹೇಳು," ಎಂದ ಒಬ್ಬ.

ಡೆಲ್ಮರ್ ಹೇಳಿದ. ನಾಳೆ ಐದು ಗಂಟೆಗೆ ಹೊರಡುವುದು, ಹನ್ನೊಂದು ದಿನ, ವರ್ನಾ ಒಬ್ಬಳೇ, ಹಿತ್ತಿಲ ಬಾಗಿಲ ಚಿಲಕ ಸಡಿಲ, ನಾಯಿ ಮುದಿಯಾಗಿ ಕಿವಿ ಕೇಳುವುದಿಲ್ಲ. ಪ್ರತಿ ಹೊಸ ಮುಖಕ್ಕೂ ಮೊದಲಿನಿಂದ ಹೇಳಿದ. ಜನ ಅಯ್ಯೋ ಎಂದರು, ಬೆನ್ನು ತಟ್ಟಿದರು, ಆಮೇಲೆ ಎರಡು ಪಕ್ಷವಾಗಿ ಒಡೆದರು. ಅಣ್ಣ ಉದ್ದ ಹಿಡಿಯಾದರೆ ತಮ್ಮ ಗಿಡ್ಡ ಹಿಡಿ. ಹೋಟೆಲಿನ ಒಡತಿ ಬಾರ್ಬ್ ತಲೆಚಿಟ್ಟು ಹಿಡಿದು, ಬಾಗಿಲ ಹೊರಗಿನ ಹಲಗೆಯ ಮೇಲೆ ಬರೆದಿದ್ದ ಆ ದಿನದ ಪೈಯ ಹೆಸರನ್ನು ಅಳಿಸಿ, "ಡೆಲ್ಮರ್ ಪ್ರೂಯಿಟ್‌ನ ಬಂದೂಕು" ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದು ಮತ ಎಣಿಸಿದಳು. ಉದ್ದ ಹದಿನಾಲ್ಕು, ಗಿಡ್ಡ ಹದಿಮೂರು.

"ಒಂದು ಮತದ ಮೇಲೆ ನನ್ನ ಹೆಂಡ್ತಿ ಪ್ರಾಣ ಇಡಕ್ಕಾಗಲ್ಲ," ಎಂದ ಡೆಲ್ಮರ್.

"ಹಾಗಾದ್ರೆ ಹೊಡೆದೇ ನೋಡೋಣ ನಡಿ," ಎಂದರು ಮಿಸ್ ಓಪಲ್. "ನನ್ನ ಹುಲ್ಲುಗಾವಲಲ್ಲಿ."

ಎಂಟು ಪಿಕಪ್ಪುಗಳು ಮದುವೆಯ ದಿಬ್ಬಣದ ಹಾಗೆ ಹಿಂದೆ ಬಂದವು. ಹುಲ್ಲಿನ ಉರುಳೆಗೆ ಒಂದು ಕಾಗದದ ತಟ್ಟೆ ಚುಚ್ಚಿದರು. ಮೊದಲು ಗಿಡ್ಡ ಹಿಡಿ.

"ಕಣ್ಣಿನ ಮಟ್ಟಕ್ಕೆ ಎತ್ತು ಮಗನೇ," ಎಂದು ಹೋಯ್ಟ್ ಹಿಂದಿನಿಂದ ಕೂಗಿದ. "ಗುರಿ ನೋಡ್ಬೇಕಲ್ಲ."

"ಎತ್ತಬೇಡ!" ಎಂದರು ಮಿಸ್ ಓಪಲ್. "ಸೊಂಟದ ಹತ್ರ ಇಟ್ಕೋ, ಇಲ್ದಿದ್ರೆ..."

ಡೆಲ್ಮರ್ ಇಬ್ಬರ ಮಾತನ್ನೂ ಅರ್ಧರ್ಧ ಕೇಳಿದ. ಬಂದೂಕನ್ನು ಕಣ್ಣಿಗೂ ಸೊಂಟಕ್ಕೂ ನಡುವೆ, ಅಂದರೆ ಮೂಗಿಗೆ ನೇರವಾಗಿ ಹಿಡಿದು, ಕಣ್ಣು ಮುಚ್ಚಿ ಟ್ರಿಗರ್ ಎಳೆದ.

ತಟ್ಟೆಗೆ ಏನೂ ಆಗಲಿಲ್ಲ. ಹೇಸರಗತ್ತೆ ಒದೆಯಿತು, ಅಷ್ಟೇ. ಕಣ್ಣು ಬಿಟ್ಟಾಗ ಡೆಲ್ಮರ್ ಹುಲ್ಲಿನ ಮೇಲೆ ಕೂತಿದ್ದ. ಮೂಗು ಕೆಂಪು ಟೊಮೇಟೊ. ಮಿಸ್ ಓಪಲ್ ತಮ್ಮ ಮನೆಯೊಳಗಿನಿಂದ ಮಂಜುಗಟ್ಟಿದ ಬಟಾಣಿಯ ಪೊಟ್ಟಣ ತಂದು ಮುಖಕ್ಕೊತ್ತಿದರು. ಹೋಯ್ಟ್ ಮೋಡಗಳನ್ನು ನೋಡುತ್ತಿದ್ದ.

ಮುಂದಿನದನ್ನು ಮಿಸ್ ಓಪಲ್ ತಾವೇ ನೋಡಿಕೊಂಡರು. ಉದ್ದ ಹಿಡಿ ಬಿಗಿದರು, ಅವನ ಭುಜದ ಗುಳಿಗೆ ಒತ್ತಿದರು, ಕೆನ್ನೆಯನ್ನು ಮರಕ್ಕೆ ಆನಿಸಿದರು. "ಈಗ ಉಸಿರು ಬಿಡು. ಪ್ರಾರ್ಥನೆ ಮುಗಿದ ಮೇಲೆ ಬಿಡ್ತೀವಲ್ಲ, ಹಾಗೆ." ಢಮ್ ಎಂದಿತು. ತಟ್ಟೆ ಇದ್ದಲ್ಲಿ ತಟ್ಟೆಯಿರಲಿಲ್ಲ. ಎಂಟು ಪಿಕಪ್ಪುಗಳು ಒಟ್ಟಿಗೆ ಹಾರನ್ನು ಬಾರಿಸಿದವು.

ಉದ್ದ ಹಿಡಿ! ಮುಗಿಯಿತು. ನಡುವಿನ ದಾರಿಯ ಫೋಟೋಗಳನ್ನೆಲ್ಲ ತೆಗೆದರಾಯಿತು. ಡೆಲ್ಮರ್ ಮೂಗಿನ ನೋವಿನಲ್ಲೂ ಮೂರು ದಿನದಲ್ಲಿ ಮೊದಲ ಸಲ ನಕ್ಕ. ಸಂಜೆ ನಾಲ್ಕಕ್ಕೆ, ಹೋಯ್ಟ್ ಮತ್ತು ಮಿಸ್ ಓಪಲ್‌ರನ್ನು ಪಿಕಪ್ಪಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಯುದ್ಧ ಗೆದ್ದವನಂತೆ ಮನೆಗೆ ಬಂದ.

ಮನೆಯ ಮುಂದೆ ಶೆರೀಫರ ಕಚೇರಿಯ ಪೊಲೀಸು ಕಾರು ನಿಂತಿತ್ತು. ಜಗಲಿಯ ಮೇಲೆ ವರ್ನಾಳ ಜೊತೆ ಡೆಪ್ಯುಟಿ ಕೆಂಡ್ರಾ ಬೇಟ್ಸ್, ಮಂಜುಗಡ್ಡೆ ಹಾಕಿದ ಚಹಾ ಕುಡಿಯುತ್ತ.

"ಗಾಬರಿಯಾಗ್ಬೇಡಿ, ಮನೆಮನೆಗೂ ಹೇಳ್ಕೊಂಡು ಬರ್ತಿದ್ದೀನಿ. ಅಯ್ಯೋ, ಮೂಗಿಗೇನಾಯ್ತು?"

"ಹಿಡಿ," ಎಂದ ಡೆಲ್ಮರ್.

"ಓ. ಇರಲಿ, ಕೇಳಿ. ನೀವು ಹೆದರೋ ಅಗತ್ಯ ಇಲ್ಲ. ಈ ಕಳ್ಳ ವಿಚಿತ್ರದವನು. ಟೀವಿ ಮುಟ್ಟಲ್ಲ. ಒಂದು ಮನೇಲಿ ಚಿನ್ನದ ಸರ ಮೇಜಿನ ಮೇಲೇ ಇತ್ತು, ಪಕ್ಕಕ್ಕೆ ಸರಿಸಿ ಹೋಗಿದ್ದಾನೆ. ಅವನಿಗೆ ಬೇಕಾಗಿರೋದು ಒಂದೇ, ಬಂದೂಕು. ಯಾರ ಮನೇಲಿದೆ, ಗಂಡಸು ಯಾವಾಗ ಊರು ಬಿಡ್ತಾನೆ, ಹೋಟೆಲಲ್ಲಿ ಕೂತು ಕಿವಿಗೊಟ್ಟು ಕೇಳ್ತಾನೆ, ಬರ್ತಾನೆ. ಬಂದೂಕಿಲ್ಲದ ಮನೆ ಕಡೆ ತಲೆಹಾಕಿ ಮಲಗಲ್ಲ. ಇದ್ರೂ ಚಿಂತೆ ಇಲ್ಲ, ಯಾರಿಗೂ ಹೇಳದೆ ಇದ್ರೆ ಆಯ್ತು." ಅವಳ ಕಣ್ಣು ಡೆಲ್ಮರ್‌ನ ಕೈಯಲ್ಲಿದ್ದುದರ ಮೇಲೆ ಬಿತ್ತು. "ಅಯ್ಯೋ ದೇವರೇ. ಬಾರ್ಬ್ ಹಲಗೆ ಮೇಲಿರೋ ಡೆಲ್ಮರ್ ನೀವೇನಾ? ನಾನೂ ಗಿಡ್ಡ ಹಿಡಿಗೆ ಒಂದು ಗೆರೆ ಹಾಕಿ ಬಂದೆ!"

ವರ್ನಾ ಗಂಡನನ್ನು ನೋಡಿದಳು. ಆ ನೋಟಕ್ಕೆ ಎರಡು ನಳಿಗೆಗಳಿದ್ದವು.

"ಲಾರೀಲಿ ತಗೊಂಡ್ಹೋಗು," ಎಂದಳು.

"ಕಂಪನಿ ಬಿಡಲ್ಲ. ಸಿಕ್ಕಿದ್ರೆ ಕೆಲಸ ಹೋಗ್ತದೆ." ಡೆಲ್ಮರ್ ಬಂದೂಕನ್ನು ಬಲಕ್ಕೆ ಚಾಚಿದ. "ಹೋಯ್ಟ್, ಹನ್ನೊಂದೇ ದಿನ, ನಿಮ್ಮನೇಲಿ ಇಟ್ಕೊಳ್ಳಿ."

ಬೆಳಗ್ಗೆಯಿಂದ ಆ ಬಂದೂಕನ್ನು ಬಿಟ್ಟಿರಲಾರದೆ ಇದ್ದ ಹೋಯ್ಟ್ ಎರಡು ಕೈಯನ್ನೂ ಜೇಬಿಗೆ ತುರುಕಿದ. "ಇಟ್ಕೊಳ್ತಿದ್ದೆ ಮಗನೇ. ನನ್ನ ಹೆಂಡ್ತಿಗೆ ಎದೆಬಡಿತ ನೋಡು."

"ಮಿಸ್ ಓಪಲ್..."

"ನಾಳೆ ಆರ್ಗನ್ ಇದೆ ಕಂದಾ, ಇನ್ನೂ ಒಂದು ಹಾಡೂ ಅಭ್ಯಾಸ ಆಗಿಲ್ಲ," ಎನ್ನುತ್ತ ಅವರು ಆಗಲೇ ಮೆಟ್ಟಿಲಿಳಿದಿದ್ದರು.

ಡೆಪ್ಯುಟಿ, ದಿನಕ್ಕೊಂದು ಸಲ ಈ ರಸ್ತೆಯಲ್ಲಿ ಕಾರು ಹಾಯಿಸುತ್ತೇನೆ ಎಂದು ಭರವಸೆ ಕೊಟ್ಟು ಹೊರಟಳು. ವರ್ನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡೆಲ್ಮರ್ ಜಗಲಿಯ ಮೆಟ್ಟಿಲ ಮೇಲೆ, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಸಾಕಲೂ ಆಗದೆ ಬಿಡಲೂ ಆಗದೆ ಕೂತ. ಮೂಗಿಗೊತ್ತಿಕೊಂಡಿದ್ದ ಬಟಾಣಿ ಪೊಟ್ಟಣ ಕರಗಿ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ರಸ್ತೆಯಲ್ಲಿ ಬೂದುಬಣ್ಣದ ಒಂದು ಪಿಕಪ್ಪು ನಿಧಾನಿಸಿತು. ಒಳಗಿದ್ದವನು ಸ್ಟೀರಿಂಗಿನ ಮೇಲಿಂದ ಎರಡು ಬೆರಳೆತ್ತಿದ. ಪೈನಿ ಫೋರ್ಕ್‌ನಲ್ಲಿ ಬೆರಳೆತ್ತಿದವನಿಗೆ ಬೆರಳೆತ್ತದೆ ಇರುವವರುಂಟೆ? ಡೆಲ್ಮರ್ ಕೈ ಬೀಸಿದ.

"ಕೊನೆಗೆ ಯಾವ್ದು ಹಾಕಿದ್ರಿ ಅಣ್ಣಾ? ಉದ್ದದ್ದಾ, ಗಿಡ್ಡದ್ದಾ?"

"ಉದ್ದದ್ದು," ಎಂದುಬಿಟ್ಟ ಡೆಲ್ಮರ್.

"ಒಳ್ಳೇ ಕೆಲ್ಸ ಮಾಡಿದ್ರಿ. ಹನ್ನೊಂದು ದಿನ ಅಲ್ವಾ? ಅವಸರ ಮಾಡ್ಕೋಬೇಡಿ, ಆರಾಮಾಗಿ ಹೋಗಿ ಬನ್ನಿ."

ಪಿಕಪ್ಪು ತಿರುವಿನಲ್ಲಿ ಮರೆಯಾಯಿತು. ಡೆಲ್ಮರ್ ಇನ್ನೂ ಕೈ ಬೀಸುತ್ತಲೇ ಇದ್ದ. ನಲವತ್ತೆಂಟು ವರ್ಷದಿಂದ ಆ ಊರಲ್ಲಿದ್ದರೂ ಆ ಮುಖವನ್ನು ಅವನು ಎಂದೂ ನೋಡಿರಲಿಲ್ಲ.