ತೆವಳುಬಂಡಿಯ ರಿಪೇರಿ

"ಬಂಡಿ ಬಂತಲ್ಲ, ಇನ್ನು ನೋಡ್ತಿರು! ನಮ್ಮ ಪುಟ್ಟಿ ಮನೆ ತುಂಬಾ ಓಡಾಡದಿದ್ರೆ ನನ್ನ ಹೆಸರೇ ಬದಲಾಯಿಸು!" ಎಂದು ಲಿಫ್ಟ್ ಮೆಕ್ಯಾನಿಕ್ ಹೆಂಡತಿಯೆದುರು ಮೀಸೆ ತಿರುವಿದ. ಮೀಸೆ ಇರಲಿಲ್ಲ, ಆದರೂ ತಿರುವಿದ.

ಪುಟ್ಟಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ವಾರಿಗೆಯ ಮಕ್ಕಳು ಪಾತ್ರೆಪಗಡ ಉರುಳಿಸುತ್ತಿದ್ದರೆ ಇವಳು ಮಲಗಿಸಿದಲ್ಲೇ ಮಲಗಿರುತ್ತಿದ್ದಳು. ಅದಕ್ಕೇ ಆಸ್ಪತ್ರೆಯ ಥೆರಪಿಸ್ಟ್ ತೆವಳುಬಂಡಿ ಕೊಟ್ಟಿದ್ದಳು. ಚಕ್ರವಿರುವ ಪುಟ್ಟ ಹಲಗೆ. ಕೂಸನ್ನು ಅದರ ಮೇಲೆ ಬೋರಲು ಮಲಗಿಸಿ ಪಟ್ಟಿ ಕಟ್ಟಬೇಕು. ಕೂಸು ಕೈಕಾಲನ್ನು ನೆಲಕ್ಕೆ ಒತ್ತಿದರೆ ಒಳಗಿನ ಮೋಟಾರು ಒತ್ತಡ ಅರಿತು ಬಂಡಿಯನ್ನು ಆಯಾ ದಿಕ್ಕಿಗೆ ತುಸು ಸಾಗಿಸುತ್ತದೆ.

"ಒತ್ತೋದನ್ನ ಅವಳೇ ಕಲೀಬೇಕು. ಈಗ ತಪ್ಪಿದ್ರೆ ಮುಂದೆ ಬಹಳ ಕಷ್ಟ" ಎಂದಿದ್ದಳು ಥೆರಪಿಸ್ಟ್.

ಬಂಡಿ ಕದಲಲಿಲ್ಲ. ಪುಟ್ಟಿ ದಿನವೂ ಅದರ ಮೇಲೆ ಮಲಗಿ ಅತ್ತಳು, ಅಷ್ಟೇ. ಹೆಂಡತಿ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ಮೆಕ್ಯಾನಿಕ್ ಬಂಡಿಯನ್ನು ಮಗುಚಿ ಹಾಕಿ ನೋಡಿದ. ಅವನ ಕಸುಬಿನಲ್ಲಿ ಲಿಫ್ಟ್ ನಿಂತರೆ ತಪ್ಪು ಯಂತ್ರದ್ದು, ಒಳಗೆ ನಿಂತವರದ್ದಲ್ಲ. ಮಗಳಲ್ಲಿ ಕೊರತೆಯಿದೆ ಎಂದು ಒಪ್ಪುವುದಕ್ಕಿಂತ ಬಂಡಿ ಕೆಟ್ಟಿದೆ ಎನ್ನುವುದು ಅವನಿಗೆ ಸುಲಭವಾಗಿತ್ತು. ಸ್ಕ್ರೂಡ್ರೈವರ್ ಹಿಡಿದೇಬಿಟ್ಟ! ಬಂಡಿಯ ಹೊಟ್ಟೆ ಬಿಚ್ಚಿ, ಎಷ್ಟು ಒತ್ತಿದರೆ ಸಾಗಬೇಕೆಂದು ಗೊತ್ತುಮಾಡುವ ತಿರುಪನ್ನು, ತುಸು ತಾಕಿದರೂ ಸಾಗುವಂತೆ, ಕೊನೆಮುಟ್ಟ ತಿರುಗಿಸಿದ.

ಮರುದಿನ ಬಂಡಿ ಸರ್ರನೆ ಹೊರಟಿತು! ಮನೆಯಲ್ಲೇ ಇದ್ದ ಅವನ ಅತ್ತೆ ಬೀದಿಗೆಲ್ಲ ಡಂಗುರ ಸಾರಿದರು. ನೆರೆಹೊರೆ ಬಂದು ನಡುಮನೆಯಲ್ಲಿ ಕಿಕ್ಕಿರಿಯಿತು. ಜನ ಚಪ್ಪಾಳೆ ತಟ್ಟಿ ನೆಲ ಕುಟ್ಟಿದಷ್ಟೂ ಪುಟ್ಟಿ ಮುಂದೆ ಮುಂದೆ! ಹೊಸ್ತಿಲಿಲ್ಲದ ಕೋಣೆಗಳನ್ನೆಲ್ಲ ಗೆದ್ದು, ಮಂಚದ ಕಾಲನ್ನು ಸುತ್ತಿ, ದಿಗ್ವಿಜಯವೋ ದಿಗ್ವಿಜಯ!

"ಹೇಗಿದೆ ಅತ್ತೆ, ಅಳಿಯನ ಕೈಗುಣ?"

"ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣಪ್ಪಾ!"

ಹೆಂಡತಿ ಮಾತ್ರ ಬಗ್ಗಿ ಕೂಸಿನ ಮುಖ ನೋಡಿದಳು.

"ರೀ... ಇವಳು ನಿದ್ದೆ ಮಾಡ್ತಿದಾಳೆ."

ನಿಜ. ಪುಟ್ಟಿ ಜೊಲ್ಲು ಸುರಿಸುತ್ತಾ ಗಾಢ ನಿದ್ದೆಯಲ್ಲಿದ್ದಳು. ನೆಲ ಅದುರಿದ್ದಕ್ಕೇ ಬಂಡಿ ಓಡುತ್ತಿತ್ತು. ಚಪ್ಪಾಳೆ ನಿಂತಿತು, ಬಂಡಿಯೂ ನಿಂತಿತು. ನೆರೆಯವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು.

ಹೆಂಡತಿ ಫೋನು ಮಾಡಿದ್ದಕ್ಕೆ ಸಂಜೆ ಥೆರಪಿಸ್ಟ್ ಬಂದು ತಿರುಪನ್ನು ಹಿಂದಕ್ಕೆ ತಿರುಗಿಸಿದಳು.

"ಯಂತ್ರ ಸರಿಯಾಗೇ ಇತ್ತು. ಕೈಕಾಲು ಆಡಿಸದಿದ್ರೂ ಸಾಗುತ್ತೆ ಅಂತ ಮಗೂಗೆ ಕಲಿಸಿಬಿಟ್ಟಿದ್ರಿ ನೀವು."

ಮೆಕ್ಯಾನಿಕ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಹೋದ ಮೇಲೆ ಅವನೂ ಬಂಡಿಯ ಮೇಲಿದ್ದ ಮಗಳ ಎದುರು ಬೋರಲು ಮಲಗಿ ಗೋಗರೆದ. "ಬಾರೇ ಕಂದಾ, ಅಪ್ಪನ ಹತ್ರ ಬಾರೇ!" ಬೆಳೆದ ಗಡ್ಡ, ನೀರು ತುಂಬಿದ ಕೆಂಗಣ್ಣು. ಆ ಮುಖ ನೋಡಿ ಪುಟ್ಟಿಯ ತುಟಿ ಅದುರಿತು. ಎರಡೂ ಅಂಗೈಯನ್ನು ನೆಲಕ್ಕೂರಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದಳು. ಬಂಡಿ ಕದಲಿತು. ಗೇಣುದ್ದ, ಹಿಂದಕ್ಕೆ!

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

"ಅಂತೂ ನಿಮ್ಮ ಮಗಳು ಸ್ವಂತ ಬಲದಿಂದ ಹೊರಟಳು ರೀ," ಎಂದಳು. "ನಿಮ್ಮಿಂದ ತಪ್ಪಿಸ್ಕೊಳ್ಳೋಕೆ!"