ಬೂದಿ ಬುಧವಾರದ ಪೊರಕೆ

ಸಿಸ್ಟರ್: ಅಲ್ಲ ದ್ಯಾಮಮ್ಮ, ನಾನು ಸಿಟ್ಟಿನಿಂದ ಕೇಳ್ತಾ ಇಲ್ಲ. ಅದೊಂದು ನೆನಪಿಟ್ಟುಕೊಳ್ಳಿ. ಕಪಾಟಿನ ಮೇಲೆ ಕೆಂಪು ದಾರ ಕಟ್ಟಿ ಇಟ್ಟಿದ್ದ ಗರಿಯ ಕಟ್ಟು ಎಲ್ಲಿ?

ದ್ಯಾಮಮ್ಮ: ಸಿಟ್ಟಿಲ್ಲಾಂದ್ರೆ ಕಪಾಟಿನ ಬಾಗ್ಲು ಯಾಕ್ರೀ ಹಂಗೆ ಬಡಿತೀರಿ?

ಸಿಸ್ಟರ್: ಗಾಳಿಗೆ ಬಡಿದದ್ದು ಅದು.

ದ್ಯಾಮಮ್ಮ: ಕಿಟಕಿ ಮುಚ್ಚೈತಲ್ರೀ.

ನ್ಯಾಮತಿಯ ಜನ ‘ಸಿಸ್ಟರ್ ಶಾಲೆ’ ಎಂದು ಕರೆಯುತ್ತಿದ್ದ ಹೆಂಚಿನ ಕಟ್ಟಡದಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ಎಪ್ಪತ್ತೊಂಬತ್ತನೇ ಇಸವಿ, ಫೆಬ್ರವರಿಯ ಕೊನೆಯ ಬುಧವಾರ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಆ ದಿನ ಶುರುವಾಗುತ್ತದೆ. ಎಲ್ಲರ ಹಣೆಗೂ ಬೂದಿಯ ಶಿಲುಬೆ ಬೀಳುತ್ತದೆ. ಆ ಬೂದಿ ಯಾವ ಒಲೆಯದಾದರೂ ಆದೀತು ಎನ್ನುವಂತಿಲ್ಲ. ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರದಂದು ಮಂತ್ರಿಸಿದ ತೆಂಗಿನ ಗರಿಗಳನ್ನು ಒಣಗಿಸಿ, ಕಾದಿಟ್ಟು, ಸುಟ್ಟ ಬೂದಿಯೇ ಆಗಬೇಕು.

ಸಿಸ್ಟರ್ ಎಮಿಲ್ಡಾ ಮಂಗಳೂರು ಕಡೆಯವರು. ಇಲ್ಲಿ ಟೀಚರಾಗಿ ಬಹಳ ವರ್ಷವಾಗಿದ್ದರೂ, ಮುಖ್ಯೋಪಾಧ್ಯಾಯಿನಿಯಾಗಿ ಅವರಿಗೆ ಇದು ಮೊದಲ ತಪಸ್ಸುಕಾಲ. ಶಿವಮೊಗ್ಗದಿಂದ ಹತ್ತೂವರೆಯ ಬಸ್ಸಿಗೆ ಬರಲಿದ್ದ ಫಾದರ್ ಬಾಪ್ಟಿಸ್ಟ್ ಅವರಾದರೋ, ಮೇಣದಬತ್ತಿ ಒಂದು ಬೆರಳಷ್ಟು ವಾಲಿದ್ದರೂ ಕನ್ಯಾಮಠದ ಮುಖ್ಯಸ್ಥೆ ಮದರ್‌ಗೆ ಎರಡು ಪುಟದ ಕಾಗದ ಬರೆಯುವವರು. ಬೂದಿಯೇ ಇಲ್ಲ ಎಂದರೆ ಎಷ್ಟು ಪುಟ ಬರೆದಾರು ಎಂದು ಲೆಕ್ಕ ಹಾಕುವ ಧೈರ್ಯ ಸಿಸ್ಟರ್‌ಗೆ ಇರಲಿಲ್ಲ.

ಇಷ್ಟು ಸಾಲದೆಂಬಂತೆ, ಸೋಮವಾರದ ಪ್ರಾರ್ಥನೆಯಲ್ಲಿ ಮಕ್ಕಳಿಗೆ ‘ನಿಮಗೆ ತುಂಬ ಇಷ್ಟವಾದ ಒಂದನ್ನು ಈಸ್ಟರ್‌ವರೆಗೆ ಬಿಡಿ’ ಎಂದು ಹೇಳಿದವರು, ಮೇಲ್ಪಂಕ್ತಿಯಾಗಲಿ ಎಂದು ತಾವೂ ಒಂದನ್ನು ಬಿಟ್ಟಿದ್ದರು. ನೂರಹನ್ನೆರಡು ಮಕ್ಕಳ ಮುಂದೆ, ನಾಲ್ವರು ಟೀಚರುಗಳ ಮುಂದೆ, ಹಿಂದುಗಡೆ ಕಂಬಕ್ಕೊರಗಿ ನಿಂತಿದ್ದ ಆಯಾ ದ್ಯಾಮಮ್ಮನ ಮುಂದೆ, ಸಿಟ್ಟನ್ನು ಬಿಟ್ಟಿದ್ದರು.

ದ್ಯಾಮಮ್ಮ: ಇಷ್ಟವಾದದ್ದು ಬಿಡ್ಬೇಕು ಅಂದ್ರಿ. ಆಮೇಲೆ ಸಿಟ್ಟು ಬಿಟ್ಟೆ ಅಂದ್ರಿ. ಹನ್ನೊಂದು ವರ್ಷ ಆತು ನಾನೀ ಸಾಲಿಗೆ ಬಂದು, ಸಿಟ್ಟು ನಿಮಗಿಷ್ಟ ಅಂತ ಅವತ್ತೇ ತಿಳಿದಿದ್ದು ನೋಡ್ರಿ.

ಸಿಸ್ಟರ್: ದ್ಯಾಮಮ್ಮ. ಗರಿ.

ದ್ಯಾಮಮ್ಮ: ಗರಿ ಇದ್ವು ಕಣ್ರೀ. ಯಾರು ಇಲ್ಲಾಂದ್ರು? ದೀಪಾವಳಿ ರಜಕ್ಕೆ ನೀವು ಊರಿಗೆ ಹೋದ್ರಿ. ಹೋಗ್ತಾ ಏನಂದ್ರಿ? ‘ದ್ಯಾಮಮ್ಮ, ಆಫೀಸಿನಲ್ಲಿ ಒಂದು ಕಸ ಉಳೀಬಾರ್ದು’ ಅಂದ್ರಿ. ಕಪಾಟು ಹತ್ತಿ ನೋಡಿದ್ರೆ ಒಂದು ಕಟ್ಟು ಒಣಗರಿ. ಮ್ಯಾಲೆ ಇಷ್ಟು ದಪ್ಪ ಧೂಳು. ಹಲ್ಲಿ ಬ್ಯಾರೆ ಮೊಟ್ಟೆ ಇಟ್ಟಿತ್ತು.

ಸಿಸ್ಟರ್: ಎಸೆದ್ರಾ?

ದ್ಯಾಮಮ್ಮ: ಛೆ ಛೆ, ಎಸೆಯಾಕೆ ನನ್ನ ಕೈ ಬರ್ತೈತೇನ್ರೀ? ಅಷ್ಟು ಛಲೋ ಗರಿ. ಸೀಳ್ದೆ.

ಸಿಸ್ಟರ್: ಸೀಳಿ?

ದ್ಯಾಮಮ್ಮ: ಎಲೆ ಒಂದು ಕಡೆಗೆ ಹಾಕ್ದೆ, ಕಡ್ಡಿ ಒಂದು ಕಡೆಗೆ ಹಾಕ್ದೆ. ರಜ ಮುಗಿದ ಮ್ಯಾಲೆ ಎಲೆ ಮಕ್ಕಳ ಉಪ್ಪಿಟ್ಟಿನ ಒಲೆಗೆ ಆತು. ಏನ್ ಉರೀತು ಅಂತೀರಿ! ಒಂದು ಕಡ್ಡಿಪೆಟ್ಟಿಗೆ ಒಂದು ವಾರ ಬಂತು.

ಸಿಸ್ಟರ್ ಕುರ್ಚಿಯ ಮೇಲೆ ಕುಳಿತರು. ಆದರೂ ಅವರ ಮನಸ್ಸು ಒಂದು ಎಳೆ ಆಸೆಯನ್ನು ಹಿಡಿದುಕೊಂಡಿತ್ತು.

ಸಿಸ್ಟರ್: ಆಯ್ತು. ಉರಿಯಿತು. ಉರಿದ ಮೇಲೆ ಬೂದಿ ಆಯ್ತಲ್ಲ? ಆ ಬೂದಿ ಉಂಟಾ?

ದ್ಯಾಮಮ್ಮ: ಉಪ್ಪಿಟ್ಟಿನ ಹಂಡೆ ಉಜ್ಜಿದ್ನಲ್ರೀ! ಕನ್ನಡಿ ಆಗಿತ್ತು ಹಂಡೆ. ನೀವೇ ನೋಡಿ ಮೆಚ್ಚಿಕೊಂಡ್ರಿ. ಮಂತ್ರ ಹಾಕಿದ ಬೂದಿ ಅಂತ ನಂಗೇನು ಗೊತ್ತು. ಅದಕ್ಕೇ ಹೊಳೀತು ಅನ್ರಿ.

ಸಿಸ್ಟರ್: ಹಂಡೆ ಉಜ್ಜಿದ್ರಾ. ಮಂತ್ರಿಸಿದ ಬೂದಿಯಲ್ಲಿ. ಹಂಡೆ.

ದ್ಯಾಮಮ್ಮ: ಮೂಗು ಕೆಂಪಾತು ನೋಡ್ರಿ ನಿಮ್ದು. ಸಿಟ್ಟು ಬಂತಾ?

ಸಿಸ್ಟರ್: ನೆಗಡಿ. ಕಡ್ಡಿ ಎಂತ ಮಾಡಿದ್ರಿ?

ದ್ಯಾಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಬಾಗಿಲ ಹಿಂದಿನಿಂದ ಪೊರಕೆಯೊಂದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಬುಡ ಬಿಗಿಯಾಗಿತ್ತು, ತುದಿ ಸಮನಾಗಿತ್ತು. ಕಟ್ಟಿದ್ದ ಕೆಂಪು ದಾರವನ್ನು ಸಿಸ್ಟರ್ ತಕ್ಷಣ ಗುರುತಿಸಿದರು.

ಸಿಸ್ಟರ್: ದೇವರೇ! ಗರಿಗಳ ಭಾನುವಾರದ ಗರಿ ಹಿಡಿಸೂಡಿ ಆಯ್ತಾ ಮಾರಾಯ್ತಿ! ಇದರಲ್ಲಿ ಎಲ್ಲೆಲ್ಲಿ ಗುಡಿಸಿದ್ದೀರಿ? ನಿಜ ಹೇಳಿ. ಪಾಯಿಖಾನೆ?

ದ್ಯಾಮಮ್ಮ: ಬಿಡ್ತು ಅನ್ರಿ! ಅದಕ್ಕೆ ಬ್ಯಾರೆ ಮೋಟು ಪರಕೆ ಐತೆ. ಇದು ಪ್ರಾರ್ಥನೆ ಕೋಣೆಗೆ, ಆಫೀಸಿಗೆ, ಒಂದನೇ ಕ್ಲಾಸಿಗೆ. ಅಷ್ಟೇಯ.

ಸಿಸ್ಟರ್‌ಗೆ ಹೋದ ಉಸಿರು ಬಂತು. ಗಡಿಯಾರ ನೋಡಿದರು. ಒಂಬತ್ತು ನಲವತ್ತು. ಎಲೆ ಹೋದರೇನು, ಕಡ್ಡಿಯೂ ಗರಿಯದೇ ಅಲ್ಲವೇ? ಮಂತ್ರಿಸುವಾಗ ಫಾದರ್ ಎಲೆಯನ್ನು ಬೇರೆ, ಕಡ್ಡಿಯನ್ನು ಬೇರೆ ಮಾಡಿ ಮಂತ್ರಿಸಿರಲಿಲ್ಲ. ಬೆಂಕಿಪೊಟ್ಟಣ ಹಿಡಿದು ಎದ್ದರು.

ಸಿಸ್ಟರ್: ಕೊಡಿ ಇಲ್ಲಿ. ಸುಡುವಾ.

ದ್ಯಾಮಮ್ಮ: ಏನ್ ಸುಡಾದು?

ಸಿಸ್ಟರ್: ಅದನ್ನೇ.

ದ್ಯಾಮಮ್ಮ: ಪರಕೇನಾ?

ಪೊರಕೆ ದ್ಯಾಮಮ್ಮನ ಬೆನ್ನ ಹಿಂದೆ ಹೋಯಿತು.

ದ್ಯಾಮಮ್ಮ: ಸಿಸ್ಟ್ರೇ, ನೀವು ಓದ್ದೋರು. ಪರಕೆ ಅಂದ್ರೆ ಲಕ್ಷ್ಮಿ. ಕಾಲು ತಾಗಿದ್ರೆ ಕಣ್ಣಿಗೊತ್ಕೊಂತೀವಿ. ಬೆಂಕಿಗೆ ಹಾಕಿದ್ರೆ ಮನೆ ಉಳಿತೈತೇನ್ರೀ? ಸಾಲಿ ಉಳಿತೈತಾ?

ಸಿಸ್ಟರ್: ಅದು ಮಂತ್ರಿಸಿದ ಗರಿ. ಸುಡಲೇಬೇಕು. ಅದರಲ್ಲಿ ಆಶೀರ್ವಾದ ಉಂಟು.

ದ್ಯಾಮಮ್ಮ: ಹೂಂ ಮತ್ತೆ, ಐತೆ! ನಾನೂ ಅದೇ ಹೇಳಾದು. ಈ ಪರಕೆ ಕಟ್ಟಿದ ತಿಂಗಳಿಗೇ ನಲ್ಲಿಗೆ ನೀರು ಬಂತು. ಸಾಹೇಬ್ರು ಇನ್‌ಸ್ಪೆಕ್ಷನ್ನಿಗೆ ಬಂದೋರು ಒಂದು ತಪ್ಪು ಬರೀದೆ ಹೋದ್ರು. ಎಲ್ಲಾ ಇದರ ಕಾಲ್ಗುಣ.

ಸಿಸ್ಟರ್: ಅಂದರೆ ನೀವೂ ಒಪ್ಪುತ್ತೀರಿ, ಇದು ಪವಿತ್ರ ಅಂತ.

ದ್ಯಾಮಮ್ಮ: ಒಪ್ತೀನಿ.

ಸಿಸ್ಟರ್: ಹಾಗಾದ್ರೆ ಸುಡುವಾ.

ದ್ಯಾಮಮ್ಮ: ಹಂಗಾದ್ರೆ ಸುಡಬಾರ್ದು.

ಆ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಬಂದವರು ಪೇಟೆಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಪಂಚಾಕ್ಷರಪ್ಪ. ಮೂರು ದಿನದ ಹಿಂದಿನ ಶಿವರಾತ್ರಿ ಜಾಗರಣೆಯ ಕೆಂಪು ಇನ್ನೂ ಕಣ್ಣಲ್ಲಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

ಪಂಚಾಕ್ಷರಪ್ಪ: ನಮಸ್ಕಾರ ಸಿಸ್ಟ್ರೇ. ನಮ್ಮ ಶಾಂತಾದೇವಿ, ಮೂರನೇ ಕ್ಲಾಸು... ಆಕೆ ಮಗ್ಗಿ ಬಿಟ್ಟಾಳ್ರೀ.

ಸಿಸ್ಟರ್: ಮಗ್ಗಿ ಬಿಟ್ಟಳು ಅಂದ್ರೆ?

ಪಂಚಾಕ್ಷರಪ್ಪ: ಇಷ್ಟವಾದದ್ದು ಬಿಡ್ಬೇಕು ಅಂತ ತಾವು ಹೇಳಿದ್ರಂತೆ. ನಿನ್ನೆ ಸಂಜೆ ಏಳರ ಮಗ್ಗಿ ಹೇಳವ್ವಾ ಅಂದ್ರೆ, ‘ಈಸ್ಟರ್ ಆದ ಮ್ಯಾಲೆ’ ಅಂತಾಳೆ.

ಸಿಸ್ಟರ್: ಮಗ್ಗಿ ಅವಳಿಗೆ ಇಷ್ಟ ಉಂಟಾ?

ಪಂಚಾಕ್ಷರಪ್ಪ: ಪ್ರಾಣ ಅಂತಾಳ್ರೀ. ಇಷ್ಟು ದಿನ ನಮಗೆ ತೋರಿಸಿರಲಿಲ್ಲ. ನಮ್ಮವ್ವ ಬ್ಯಾರೆ, ‘ವ್ರತ ಹಿಡಿದ ಕೂಸನ್ನ ಗದರಬ್ಯಾಡ’ ಅಂತ ನಂಗೇ ಗದರ್ತಾಳೆ. ತಾವು ಒಂದು ಮಾತು ಹೇಳಿದ್ರೆ...

ಬೇರೆ ದಿನವಾಗಿದ್ದರೆ ಶಾಂತಾದೇವಿಗೆ ಸಿಸ್ಟರ್ ಒಂದಲ್ಲ, ಹದಿನಾರರವರೆಗಿನ ಮಗ್ಗಿಯಷ್ಟು ಮಾತು ಹೇಳುತ್ತಿದ್ದರು. ಗಡಿಯಾರ ಹತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು.

ಸಿಸ್ಟರ್: ದೇವರಿಗೆ ಕೊಟ್ಟ ಮಾತು ಪಂಚಾಕ್ಷರಪ್ಪನವರೇ. ಅವಳಿಗೆ ಎಂತ ಇಷ್ಟ ಅಂತ ನಾವು ಹೇಳ್ಲಿಕ್ಕೆ ಆಗ್ತದಾ? ಮನಸ್ಸು ನೋಡುವವನು ದೇವರು. ಬಿಡಿಸಬಾರದು. ನೀವಿನ್ನು ಹೊರಡಿ.

ದ್ಯಾಮಮ್ಮ ಈ ಮಾತನ್ನು ಬಹಳ ಗಮನವಿಟ್ಟು ಕೇಳಿದರು. ಪಂಚಾಕ್ಷರಪ್ಪ ಹೊರಡಲಿಲ್ಲ. ಬೆನ್ನ ಹಿಂದೆ ಪೊರಕೆ ಬಚ್ಚಿಟ್ಟು ನಿಂತ ಹೆಂಗಸನ್ನೂ ಬೆಂಕಿಪೊಟ್ಟಣ ಹಿಡಿದು ನಿಂತ ಕನ್ಯಾಸ್ತ್ರೀಯನ್ನೂ ನೋಡಿದ ಮೇಲೆ ಯಾರು ತಾನೇ ಹೊರಟಾರು? ವಿಷಯ ಕೇಳಿ ತಿಳಿದುಕೊಂಡರು.

ಪಂಚಾಕ್ಷರಪ್ಪ: ಇಷ್ಟಕ್ಕೆ ಯಾಕ್ರೀ ಒದ್ದಾಟ? ನಮ್ಮನೇಲಿ ಒಂದು ಬುಟ್ಟಿ ವಿಭೂತಿ ಗಟ್ಟಿ ಐತೆ. ಸೈಕಲ್ ಹತ್ತಿದ್ರೆ ಐದು ನಿಮಿಷ.

ಸಿಸ್ಟರ್: ಅದು ಬೆಳ್ಳಗೆ ಉಂಟಲ್ಲ. ಫಾದರ್‌ಗೆ ನೋಡಿದ ಕೂಡಲೇ ಗೊತ್ತಾಗ್ತದೆ. ನಿಮ್ಮ ಮಗಳು ಹೋದ ವರ್ಷ ಒಂದು ಗರಿ ಮನೆಗೆ ತಂದಿದ್ದಳು, ಅದನ್ನು ಕೊಡಿ.

ಪಂಚಾಕ್ಷರಪ್ಪ: ಅದಾ? ನಮ್ಮವ್ವ ಅದನ್ನ ದೇವರ ಮನೆ ಬಾಗ್ಲಿಗೆ ಸಿಗಿಸಿ ದಿನಾ ಕುಂಕುಮ ಇಡ್ತಾಳೆ. ಕೇಳಿದ್ರೆ ಆಕೆ ಕೊರಳಿನ ಸರ ಕೊಟ್ಟಾಳು, ಗರಿ ಕೊಡಲ್ಲ.

ದ್ಯಾಮಮ್ಮ: ಕೇಳ್ರಿ, ದೊಡ್ಡ ಮನೇರು. ನೀವೇ ನ್ಯಾಯ ಹೇಳ್ರಿ. ಪರಕೆ ಸುಡಬೌದಾ?

ಪಂಚಾಕ್ಷರಪ್ಪ: ಸುಡಬಾರ್ದು.

ಸಿಸ್ಟರ್: ಮಂತ್ರಿಸಿದ ಗರಿ ಕಾಲ ಬುಡದ ಕಸ ಗುಡಿಸಬಹುದಾ?

ಪಂಚಾಕ್ಷರಪ್ಪ: ಗುಡಿಸಬಾರ್ದು.

ಸಿಸ್ಟರ್: ಹಾಗಾದ್ರೆ ಎಂತ ಮಾಡುದು?

ಪಂಚಾಕ್ಷರಪ್ಪ: ಅದನ್ನ ನನ್ನ ಕೇಳಿದ್ರೆ ಹೆಂಗ್ರೀ? ನಾನು ನ್ಯಾಯ ಹೇಳಿ ಮುಗೀತು.

ದೂರದಲ್ಲಿ, ಸವಳಂಗ ರಸ್ತೆಯ ತಿರುವಿನಲ್ಲಿ, ಬಸ್ಸಿನ ಹಾರನ್ ಕೇಳಿಸಿತು. ಕಾಲು ಗಂಟೆ ಮುಂಚೆ! ಯಾವತ್ತೂ ಹೊತ್ತಿಗೆ ಬಾರದ ಬಸ್ಸು ಇವತ್ತೇ ಓಡೋಡಿ ಬಂದಿತ್ತು. ಸಿಸ್ಟರ್ ಮುಖದ ಬಣ್ಣ ಇಳಿದು ಹೋಯಿತು. ಅದನ್ನು ಕಂಡು ದ್ಯಾಮಮ್ಮನ ಮನಸ್ಸು ಕರಗಿತು. ಹನ್ನೊಂದು ವರ್ಷ ಇವರಿಂದ ಬೈಸಿಕೊಂಡದ್ದುಂಟು. ಇವರು ಬೆದರಿದ್ದನ್ನು ನೋಡಿದ್ದು ಇದೇ ಮೊದಲು.

ದ್ಯಾಮಮ್ಮ: ಒಂದು ದಾರಿ ಐತೆ. ಲಕ್ಷ್ಮಿ ಇರಾದು ಕಟ್ಟಿನಾಗೆ. ಕಟ್ಟು ಬಿಚ್ಚಿದ್ರೆ ಪರಕೆ ಅಲ್ಲ, ಬರೇ ಕಡ್ಡಿ. ಕಡ್ಡಿ ಸುಟ್ರೆ ಯಾರಿಗೂ ದೋಷ ಇಲ್ಲ.

ಸಿಸ್ಟರ್: ಬಿಚ್ಚಿ! ಬಿಚ್ಚಿ!

ದ್ಯಾಮಮ್ಮ: ಹಂಗೆ ಸುಮ್ಕೆ ಬಿಚ್ಚಂಗಿಲ್ರೀ. ತಾಯಿಗೆ ಹೇಳ್ಕೋಬೇಕು.

ದ್ಯಾಮಮ್ಮ ತಮ್ಮ ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದು ಪೊರಕೆಯ ಬುಡಕ್ಕೆ ಹಚ್ಚಿದರು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಬಹಳ ಹೊತ್ತು ಏನನ್ನೋ ಹೇಳಿಕೊಂಡರು. ಪಂಚಾಕ್ಷರಪ್ಪ ಕೈ ಮುಗಿದು ನಿಂತರು. ಸಿಸ್ಟರ್ ಕಣ್ಣು ಗಡಿಯಾರದ ಮೇಲಿತ್ತು. ಪ್ರಾರ್ಥನೆಯ ಕೊನೆಯ ಮಾತು ಮಾತ್ರ ಕೇಳಿಸಿತು.

ದ್ಯಾಮಮ್ಮ: ...ನಡೆಸಿಕೊಡು ತಾಯೀ.

ಸಿಸ್ಟರ್: ಆಮೆನ್.

ಪ್ರಾರ್ಥನೆ ಯಾರದ್ದೇ ಇರಲಿ, ಅದು ಮುಗಿದ ಸದ್ದಿಗೆ ಮೂವತ್ತು ವರ್ಷದ ಅಭ್ಯಾಸ ತಾನಾಗಿ ಬಾಯಿಗೆ ಬಂದಿತ್ತು.

ಕಟ್ಟು ಬಿಚ್ಚಿತು. ಉಪ್ಪಿಟ್ಟಿನ ಒಲೆಯ ಮುಂದೆ ಮೂವರೂ ಕೂತರು. ಪಂಚಾಕ್ಷರಪ್ಪ ಊದುಗೊಳವೆ ಹಿಡಿದರು. ಫಾದರ್ ಬಾಪ್ಟಿಸ್ಟ್ ಗೇಟು ತೆರೆದು ಒಳಗೆ ಬರುವಷ್ಟರಲ್ಲಿ ಬಿಳಿ ಪಿಂಗಾಣಿ ಬಟ್ಟಲಲ್ಲಿ ನಾಲ್ಕು ಚಮಚದಷ್ಟು ಬೂದಿ ತಯಾರಾಗಿತ್ತು. ಸ್ವಲ್ಪ ಬೆಚ್ಚಗಿತ್ತು, ಅಷ್ಟೇ.

ನೂರಹನ್ನೆರಡು ಮಕ್ಕಳ ಹಣೆಗೂ, ದೊಡ್ಡವರ ಹಣೆಗೂ ಅದು ಸಾಕಾಯಿತು. ‘ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ’ ಎಂದು ಫಾದರ್ ಒಬ್ಬೊಬ್ಬರಿಗೂ ಹೇಳಿದರು. ಪಂಚಾಕ್ಷರಪ್ಪನವರ ಹಣೆಯಲ್ಲಿ ಮಾತ್ರ ಜಾಗ ಹುಡುಕಬೇಕಾಯಿತು.

ಫಾದರ್: ಬೂದಿ ಬಹಳ ನಯವಾಗಿದೆ ಸಿಸ್ಟರ್. ಮದರ್‌ಗೆ ಬರೆಯುತ್ತೇನೆ.

ಸಿಸ್ಟರ್‌ಗೆ ನೆಲದಿಂದ ಒಂದು ಗೇಣು ಮೇಲೆ ನಡೆದಂತೆ ಆಯಿತು. ಹಾಗೆ ನಡೆಯುತ್ತಲೇ ನೆಲ ನೋಡಿದರು. ಉದುರಿದ ಬೂದಿ, ಸೀಮೆಸುಣ್ಣದ ಪುಡಿ, ನೂರಹನ್ನೆರಡು ಜೊತೆ ಬರಿಗಾಲು ತಂದ ಮಣ್ಣು.

ಸಿಸ್ಟರ್: ದ್ಯಾಮಮ್ಮ, ಫಾದರ್ ಊಟಕ್ಕೆ ಕೂರುವ ಮೊದಲು ಒಮ್ಮೆ ಗುಡಿಸಿಬಿಡಿ.

ದ್ಯಾಮಮ್ಮ: ಗುಡಿಸಂಗಿಲ್ಲ ಸಿಸ್ಟ್ರೇ.

ಸಿಸ್ಟರ್: ಬೇರೆ ಹಿಡಿಸೂಡಿ ತರಿಸ್ತೇನೆ.

ದ್ಯಾಮಮ್ಮ: ಬ್ಯಾರೇದು ಮುಟ್ಟಂಗಿಲ್ರೀ. ತಾಯಿಗೆ ಮಾತು ಕೊಟ್ಟೀನಿ. ‘ನಿನ್ನ ಕಟ್ಟು ಬಿಚ್ಚಿದ ತಪ್ಪಿಗೆ, ಗರಿ ಭಾನುವಾರದ ಹೊಸ ಗರಿ ಬರೋತನಕ ಕಸಕ್ಕೆ ಕೈ ಹಚ್ಚಲ್ಲ, ನಡೆಸಿಕೊಡು ತಾಯೀ’ ಅಂತ. ನೀವೇ ಆಮೆನ್ ಅಂದ್ರಲ್ಲ?

ಪಂಚಾಕ್ಷರಪ್ಪ: ಅಂದ್ರು. ನಾನು ಸಾಕ್ಷಿ.

ಸಿಸ್ಟರ್: ತಪಸ್ಸುಕಾಲದಲ್ಲಿ ಇಷ್ಟವಾದದ್ದನ್ನು ಬಿಡಬೇಕು ದ್ಯಾಮಮ್ಮ! ಕಸ ಗುಡಿಸುದು ನಿಮಗೆ ಇಷ್ಟವಾ?

ದ್ಯಾಮಮ್ಮ: ಪ್ರಾಣ. ಮನಸ್ಸು ನೋಡೋನು ದೇವರು ಅಂತ ನೀವೇ ಹೇಳಿದ್ರಿ. ಬಿಡಿಸಬಾರ್ದು ಅಂತಾನೂ ಹೇಳಿದ್ರಿ.

ಫಾದರ್: ಏನು, ಆಯಾ ಕೂಡ ವ್ರತ ಹಿಡಿದಿದ್ದಾರೆಯೇ? ತುಂಬ ಸಂತೋಷ! ಮುರಿಸಬೇಡಿ ಸಿಸ್ಟರ್. ಇದನ್ನೂ ಮದರ್‌ಗೆ ಬರೆಯುತ್ತೇನೆ.

ಫಾದರ್ ಊಟದ ಕೋಣೆಯ ಕಡೆ ನಡೆದರು. ಸಿಸ್ಟರ್ ಬಾಯಿ ತೆರೆದರು. ಬಾಯಿಯೊಳಗೆ ಹನ್ನೊಂದು ವರ್ಷದ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಅವರ ಮೂಗು ಮತ್ತೆ ಕೆಂಪಾಯಿತು. ದ್ಯಾಮಮ್ಮ ತಮ್ಮ ಹಣೆಯ ಮೇಲಿನ ಬೂದಿ ಶಿಲುಬೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಸಿಸ್ಟರ್ ಬಾಯಿ ಮುಚ್ಚಿದರು.

ಸಿಸ್ಟರ್: ಇರಲಿ. ಈಸ್ಟರ್ ಬರಲಿ ದ್ಯಾಮಮ್ಮ. ನನ್ನ ವ್ರತ ಮುಗಿಯಲಿ. ಆವತ್ತು ಉಂಟು ನಿಮಗೆ.

ದ್ಯಾಮಮ್ಮ: ನಂದು ಗರಿ ಭಾನುವಾರಕ್ಕೇ ಮುಗಿತೈತಲ್ರೀ, ನಿಮ್ಮ ಈಸ್ಟರಿಗಿಂತ ಒಂದು ವಾರ ಮುಂಚೆ! ಆ ವಾರದಾಗೆ ಸಾಲಿ ಎಲ್ಲಾ ಗುಡಿಸಿ ಲಕಲಕ ಮಾಡಿಡ್ತೀನಿ. ನಿಮ್ಮ ಸಿಟ್ಟು ವಾಪಸ್ ಬರೋ ಹೊತ್ತಿಗೆ, ಬೈಯಾಕೆ ಒಂದು ಕಸನೂ ಸಿಗಲ್ಲ ತಗೊಳ್ರಿ.