ಅಮ್ಮನ ಕೆಂಪಿನ ತೋಡು

ಚಿನ್ನದ ಮೇಲೆ ಅನುಮಾನ ಬಂದರೆ ಒರೆಗಲ್ಲಿಗೆ ಉಜ್ಜಬಹುದು, ಬೆಳ್ಳಿಯ ಮೇಲೆ ಬಂದರೆ ಕರಗಿಸಿ ನೋಡಬಹುದು. ಕಲ್ಲಿನ ಮೇಲೆ ಅನುಮಾನ ಬಂತೋ, ಅದು ನೇರವಾಗಿ ಕೊಟ್ಟವರ ಮೇಲೇ ಬರುತ್ತದೆ. ವಜ್ರ, ಪಚ್ಚೆ, ಕೆಂಪು, ನೀಲ ಎಂದು ನವರತ್ನಗಳ ಹೆಸರನ್ನು ಪಟಪಟನೆ ಹೇಳಬಲ್ಲೆ. ಗುರುತಿಸು ಅಂದರೆ ಮಾತ್ರ ನನಗೆ ಬೇರೆ ಕೆಲಸ ನೆನಪಾಗುತ್ತದೆ. ನನ್ನ ಕಿವಿಯ ತೋಡು, ಅಂದರೆ ಓಲೆ, ಅಪ್ಪಟ ಕೆಂಪಿನದು ಎಂದು ಗೊತ್ತಿತ್ತು. ಯಾಕೆಂದರೆ ಮದುವೆಯಲ್ಲಿ ಕೊಡುವಾಗ ಅಮ್ಮ ಹಾಗೆ ಹೇಳಿದ್ದಳು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ತಮಿಳು ಸೀಮೆಯ ಉತ್ತಮಪಾಳಯದಲ್ಲಿ ನಾದಿನಿಯ ಮದುವೆ ಹತ್ತಿರ ಬಂದಿತ್ತು. ಅತ್ತೆ ನನ್ನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿ, "ಅಯ್ಯೋ, ಇದು ಕಣ್ಣಾಡಿ ಕಲ್ಲು ಕಣಮ್ಮಾ! ನಿಮ್ಮವ್ವ ಮೋಸ ಮಾಡಿ ನಮ್ಮ ತಲೆ ಮೇಲೆ ಮೆಣಸಿನಕಾಯಿ ಅರೆದ್ಬುಟ್ಟವ್ಳೆ" ಅಂದರು. ಕಣ್ಣಾಡಿ ಅಂದರೆ ನಮ್ಮಲ್ಲಿ ಗಾಜು, ಕನ್ನಡಕಕ್ಕೂ ಅದೇ ಹೆಸರು. ನನ್ನ ಯಜಮಾನರು ಬೋಡಿಯಲ್ಲಿ ಏಲಕ್ಕಿ ವ್ಯಾಪಾರಿ. ಕಾಯಿಯ ಬಣ್ಣ ನೋಡಿಯೇ ಜಾತಕ ಹೇಳುವವರು. ಅವರೂ ಕನ್ನಡಕ ಏರಿಸಿ, "ಬಣ್ಣ ಸತ್ತೋಗ್ಯದೆ. ಕಣ್ಣಾಡಿನೇ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ತೀರಿಕೊಂಡಿದ್ದಳು. ಮದುವೆಮನೆಯಲ್ಲಿ ಅತ್ತೆ ಇದನ್ನು ಹತ್ತು ಜನರ ಮುಂದೆ ಆಡಿದರೆ ಅವಳ ಪರವಾಗಿ ಜಗಳ ಕಾಯಲು ಇದ್ದವಳು ನಾನೊಬ್ಬಳೇ.

ಮರುದಿನವೇ ಇಬ್ಬರನ್ನೂ ಎಳೆದುಕೊಂಡು ಬಜಾರಿನ ಆಸಾರಿಯ, ಅಂದರೆ ಅಕ್ಕಸಾಲಿಯ, ಅಂಗಡಿಗೆ ಹೋದೆ. ಆಸಾರಿ ಒಂದು ಕಲ್ಲನ್ನು ಮೀಟಿ ತೆಗೆದರು. ಕೆಳಗೆ ಕಪ್ಪಗೆ ಕಿಲುಬು! ಹಳೆಯ ಒಡವೆಯ ಹಿಂಬದಿ ಮುಚ್ಚಿರುತ್ತದಂತೆ. ಹೊಳಪಿಗೆಂದು ಕಲ್ಲಿನಡಿ ತೆಳು ತಗಡು ಇಟ್ಟಿರುತ್ತಾರಂತೆ. ನೀರು ಇಳಿದರೆ ತಗಡು ಕರ್ರಗಾಗಿ ಕಲ್ಲೂ ಮಂಕಾಗುತ್ತದಂತೆ. ನಮ್ಮ ಹೆಂಗಸರೋ, ಮುತ್ತೈದೆಯ ಕಿವಿ ಬರಿದಾಗಬಾರದೆಂದು ಎಣ್ಣೆನೀರಿಗೂ ತೋಡು ಬಿಚ್ಚುವುದಿಲ್ಲ. ಶುಕ್ರವಾರ ಶುಕ್ರವಾರ ನನ್ನ ಜೊತೆ ಅಮ್ಮನ ಕೆಂಪಿಗೂ ಸೀಗೆಕಾಯಿ ಸ್ನಾನವಾಗಿತ್ತು.

ಅತ್ತೆ ಬಿಡುತ್ತಾರೆಯೇ? "ತಗಡು ಕರ್ರಗಾಗ್ಲಿ. ಕಲ್ಲು ಕಣ್ಣಾಡಿ ಅಲ್ಲಾಂತ ಯಾರೇಳಿದ್ದು?"

ಕೆಂಪು ಗಾಜನ್ನು ಗೀರುತ್ತದೆ, ಗಾಜು ಗಾಜನ್ನು ಹಾಗೆ ಗೀರಲಾರದು ಎಂದು ಆಸಾರಿ ಶುರುಮಾಡಿದರು. ಅವರು ಮುಗಿಸುವಷ್ಟರಲ್ಲಿ ನಾನು ಯಜಮಾನರ ಮೂಗಿನಿಂದ ಕನ್ನಡಕ ಕಿತ್ತು, ಅದರ ಗಾಜಿನ ಮೇಲೆ ಕಲ್ಲನ್ನು ಈ ತುದಿಯಿಂದ ಆ ತುದಿಗೆ ಎಳೆದೇಬಿಟ್ಟೆ. ಕರ್ರ್! ಬೆಳ್ಳನೆಯ ಗೆರೆ.

"ಅಡಿ ಪಾವಿ, ಪಾಪಿ! ಹೊಸ ಕಣ್ಣಾಡಿ ಕಣೇ ಅದು!" ಎಂದು ಯಜಮಾನರು ಕೂಗಿಕೊಂಡರು.

ಅತ್ತೆ ಕನ್ನಡಕ ನೋಡಿದರು, ಕಲ್ಲು ನೋಡಿದರು, "ಕೆಂಪೇ ಕಣಮ್ಮಾ" ಎಂದು ಗೊಣಗಿದರು.

"ಜೋರಾಗೇಳಿ ಅತ್ತೆ, ಕೇಳಿಸ್ನಿಲ್ಲ."

"ಕೆಂಪೇ ಕಣಮ್ಮಾ! ಸಾಕಾ?"

ಅರ್ಧ ಬಜಾರು ತಿರುಗಿ ನೋಡಿತು. ಅಮ್ಮಾ, ಗೆದ್ದುಬಿಟ್ಟೆವು ಕಣೇ ಎಂದು ಮನಸ್ಸಿನಲ್ಲೇ ಕುಣಿದೆ. ಕಣ್ಣಲ್ಲಿ ನೀರೂ ಬಂತು.

ಹೊಸ ತಗಡು ಹಾಕಿಸಿದ ತೋಡು ಕೆಂಡದ ಹಾಗೆ ಹೊಳೆಯಿತು. ಹೊಳೆದದ್ದೇ ತಪ್ಪಾಯಿತು. "ಇಂಥಾ ಸಾಮಾನು ಮದುವೆ ಗದ್ದಲದಾಗೆ ಕಳೆದೋದ್ರೆ?" ಎಂದು ಅತ್ತೆ ಅದನ್ನು ಬ್ಯಾಂಕಿನ ಲಾಕರಿಗೆ ಸೇರಿಸಿ, ನೋಡಲು ಅಂಥದ್ದೇ ಆದ ಬಳೆ ಅಂಗಡಿಯ ಗಿಲೀಟು ತೋಡೊಂದನ್ನು ನನ್ನ ಕಿವಿಗೆ ತಿರುಪಿದರು. ಮದುವೆಯಲ್ಲಿ ಅವರೇ ಕಂಡಕಂಡವರನ್ನು ಕರೆದು, "ನೋಡ್ರಮ್ಮಾ, ಅಪ್ಪಟ ಕೆಂಪು! ನಮ್ ಬೀಗಿತಿ ಕೊಟ್ಟಿದ್ದು!" ಎಂದು ನನ್ನ ಕಿವಿ ತೋರಿಸಿದರು. ಎಲ್ಲರೂ, "ಎಂಥಾ ಹೊಳಪು!" ಎಂದು ಬಾಯಿ ಬಿಟ್ಟರು. ನಾನು ಆ ಗಾಜಿನ ಕಲ್ಲುಗಳು ಚೆನ್ನಾಗಿ ಕಾಣಲೆಂದು ಸೆರಗು ಸರಿಸಿ, ಕತ್ತನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತಾ ನಿಂತಿದ್ದೆ.